ಅರ್ಚಕರ ಮನೆಯಲ್ಲಿ ಮಕ್ಕಳು ಬೆಳೆಯುವುದು ಹೇಗಿರುತ್ತದೆ? ಊರಿಗೆ ಹೋಗುವ ಮುಂಚೆ ಏನೇನು ಗೊತ್ತುಮಾಡಿಕೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮಾವನವರಿಗೆ ವಯಸ್ಸಾಗಿದೆ. ನಿಮ್ಮ ಯಜಮಾನರು ಬೆಂಗಳೂರಿನ ಕೆಲಸ ಬಿಟ್ಟು, ಹಳೇ ಮೈಸೂರಿನ ಕಡೆಯ ಹಳ್ಳಿಯಲ್ಲಿರುವ ಸಿ ವರ್ಗದ, ಅಂದರೆ ಆದಾಯ ತೀರಾ ಕಡಿಮೆಯಿರುವ, ಮುಜರಾಯಿ ದೇವಸ್ಥಾನದ ಅರ್ಚಕತನ ವಹಿಸಿಕೊಳ್ಳುತ್ತಿದ್ದಾರೆ. ವಿಷ್ಣು ದೇವಸ್ಥಾನ. ಮಗ ನಾಲ್ಕನೇ ಕ್ಲಾಸು, ಮಗಳು ಎಂಟನೆಯದು. ಅರ್ಚಕರ ಮಕ್ಕಳಾಗಿ ಅವರ ದಿನ ಹೇಗಿರುತ್ತದೆ, ನೀವು ಏನು ತಯಾರಿ ಮಾಡಿಕೊಳ್ಳಬೇಕು?

ನಾನು ಮೊದಲು ಹೇಳುವುದು: ಸಾಮಾನು ಸಾಗಿಸುವ ಮುಂಚೆ ಒಬ್ಬ ಬದಲಿ ಅರ್ಚಕರನ್ನು ಗೊತ್ತುಮಾಡಿಕೊಳ್ಳಿ. ಮಕ್ಕಳ ವಿಷಯ ಕೇಳಿದರೆ ಇವರು ಬದಲಿ ಅರ್ಚಕರ ಮಾತೆತ್ತುತ್ತಾರಲ್ಲ ಅನ್ನಿಸಬಹುದು. ಆದರೆ ಅರ್ಚಕರ ಮಕ್ಕಳ ಬಾಲ್ಯ ಸಲೀಸಾಗಿರುವುದೂ ಹಿಂಡಿಹೋಗುವುದೂ ಬಹುಮಟ್ಟಿಗೆ ಇದೊಂದರ ಮೇಲೇ ನಿಂತಿದೆ. ದೊಡ್ಡ ದೇವಸ್ಥಾನದಲ್ಲಿ ಪರಿಚಾರಕರು, ಅಡುಗೆಯವರು, ಹೂ ಕಟ್ಟುವವರು, ಕಸ ಗುಡಿಸುವವರು ಅಂತ ಬೇರೆ ಬೇರೆ ಜನ ಇರುತ್ತಾರೆ. ಸಿ ವರ್ಗದ ದೇವಸ್ಥಾನದಲ್ಲಿ ಅಷ್ಟೂ ಕೆಲಸಕ್ಕೆ ಒಬ್ಬರೇ. ಕೈ ಸಾಲದ ಕಡೆಯೆಲ್ಲ ಹೆಂಡತಿಯ ಕೈ ಸೇರುತ್ತದೆ, ಆಮೇಲೆ ಮಕ್ಕಳ ಕೈ. ಯಾರೂ ಬಲವಂತ ಮಾಡುವುದಿಲ್ಲ. ಇವತ್ತೊಂದು ದಿನ ಅಂತ ಶುರುವಾಗುತ್ತದೆ, ಎರಡು ವರ್ಷದಲ್ಲಿ ಅದೇ ಪದ್ಧತಿಯಾಗಿರುತ್ತದೆ.

ಬದಲಿಯವರು ಯಾಕೆ ಬೇಕೇ ಬೇಕು ಅಂದರೆ ಸೂತಕ. ಮನೆಯಲ್ಲಾಗಲಿ ದಾಯಾದಿಗಳಲ್ಲಾಗಲಿ ಸಾವಾದರೆ, ಮಗು ಹುಟ್ಟಿದರೆ, ಹತ್ತು ದಿನ ಗರ್ಭಗುಡಿಗೆ ಹೋಗುವಂತಿಲ್ಲ. ದೇವರಿಗೆ ಪೂಜೆ ತಪ್ಪಿಸುವಂತೆಯೂ ಇಲ್ಲ. ಎಲ್ಲರೂ ಎಡವುವುದು ಇಲ್ಲೇ: ‘ಚಿಕ್ಕಪ್ಪನ ಮಗ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ’ ಅಂದುಕೊಂಡಿರುತ್ತಾರೆ. ಚಿಕ್ಕಪ್ಪನ ಮಗನಿಗೂ ಅದೇ ಸೂತಕ. ಅಣ್ಣತಮ್ಮಂದಿರು ವರ್ಷಕ್ಕಿಷ್ಟು ತಿಂಗಳು ಅಂತ ಸರದಿ ಹಂಚಿಕೊಂಡಿರುವ ಮನೆಗಳಲ್ಲಿ ಒಂದು ಸಾವಾದರೆ ಎಲ್ಲರೂ ಒಟ್ಟಿಗೇ ಹೊರಗೆ ಕೂರಬೇಕಾಗುತ್ತದೆ. ನಿಮ್ಮ ಮಾವನವರು ಇನ್ನೂ ಗಟ್ಟಿಯಾಗಿದ್ದಾರೆ ಅಂದರೂ ಈ ವಿಷಯದಲ್ಲಿ ಅವರಿಂದ ಪ್ರಯೋಜನವಿಲ್ಲ. ಆದ್ದರಿಂದ ಬದಲಿಯವರು ಬೇರೆ ಮನೆತನದವರೇ ಆಗಿರಬೇಕು, ನಿಮ್ಮ ದೇವಸ್ಥಾನದ ಆಗಮ, ಅಂದರೆ ಅಲ್ಲಿಯ ಪೂಜಾಪದ್ಧತಿಯ ಶಾಸ್ತ್ರ, ಬಲ್ಲವರಾಗಿರಬೇಕು, ಬೈಕಿನಲ್ಲಿ ಅರ್ಧ ಗಂಟೆಯೊಳಗೆ ಬರುವಷ್ಟು ಹತ್ತಿರದಲ್ಲಿರಬೇಕು. ವಿಷ್ಣು ದೇವಸ್ಥಾನಗಳಲ್ಲಿ ವೈಖಾನಸ, ಪಾಂಚರಾತ್ರ ಅಂತ ಎರಡು ಆಗಮಗಳಿವೆ. ವೈಖಾನಸ ದೇವಸ್ಥಾನಕ್ಕೆ ಪಾಂಚರಾತ್ರದವರನ್ನು ಕರೆದರೆ ಊರ ಹಿರಿಯರು ಆಕ್ಷೇಪಿಸುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಅಂಥವರು ಇಬ್ಬರು ಗೊತ್ತಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ ಇಷ್ಟು, ಪೆಟ್ರೋಲಿಗಿಷ್ಟು, ತಟ್ಟೆ ಕಾಸು ಆ ದಿನದ್ದು ಅವರಿಗೇ ಅಂತ ಮೊದಲೇ ಮಾತಾಡಿಕೊಳ್ಳಿ. ಮುಖ್ಯವಾಗಿ, ಸೂತಕ ಬರುವವರೆಗೂ ಕಾಯಬೇಡಿ. ಎರಡು ತಿಂಗಳಿಗೊಮ್ಮೆ ಒಂದೆರಡು ದಿನ ಅವರಿಂದ ಪೂಜೆ ಮಾಡಿಸಿ ನೀವು ನಾಲ್ವರೂ ಎಲ್ಲಾದರೂ ಹೋಗಿಬನ್ನಿ. ಬದಲಿಯವರ ಮುಖ ಊರಿಗೆ ಅಭ್ಯಾಸವಾಗುತ್ತದೆ. ಅಪ್ಪನ ಜೊತೆ ಮಕ್ಕಳು ಊರು ಬಿಟ್ಟು ಹೊರಡುವುದಕ್ಕೆ ಬೇರೆ ದಾರಿಯೂ ಇಲ್ಲ.

ಇನ್ನು ದಿನಚರಿ. ಆರೂವರೆಗೆ ಬಾಗಿಲು ತೆಗೆಯಬೇಕಾದರೆ ಐದಕ್ಕೆ ಎದ್ದಿರಬೇಕು: ಸ್ನಾನ, ಸಂಧ್ಯಾವಂದನೆ, ಹಿಂದಿನ ದಿನದ ನಿರ್ಮಾಲ್ಯ ತೆಗೆಯುವುದು, ಅಭಿಷೇಕದ ನೀರು, ದೀಪ, ಹೂವು, ನೈವೇದ್ಯ. ಸ್ಕೂಲಿಗೆ ಹೊರಡುವ ಗಡಿಬಿಡಿಯೂ ಇದೇ ಹೊತ್ತಿನದು. ಎರಡು ಒಲೆ, ಎರಡು ಬಚ್ಚಲು, ಅಥವಾ ಕನಿಷ್ಠ ಎರಡು ಗೀಸರ್ ಇಲ್ಲದಿದ್ದರೆ ಮೊದಲ ತಿಂಗಳೇ ಜಗಳ. ಮಡಿ ಪಂಚೆ ಒಣಹಾಕುವ ಗಳ ಎತ್ತರದಲ್ಲಿರಲಿ. ಮಕ್ಕಳು ಓಡಾಡುವ ಜಾಗದಲ್ಲಿ ಹಗ್ಗ ಕಟ್ಟಿ ಆಮೇಲೆ ‘ಮುಟ್ಟಬೇಡ, ಮುಟ್ಟಬೇಡ’ ಅಂತ ದಿನವಿಡೀ ಕೂಗುವ ಮನೆಗಳಿವೆ. ಬೆಂಗಳೂರಿನಿಂದ ಬಂದ ಮಗುವಿಗೆ ಆ ಕೂಗು ಬೈಗುಳದ ಹಾಗೇ ಕೇಳಿಸುತ್ತದೆ.

ನೈವೇದ್ಯದ ಅಡುಗೆಗೆ ಒಂದು ಕಷ್ಟವಿದೆ: ರುಚಿ ನೋಡುವಂತಿಲ್ಲ. ಹಾಗಾಗಿ ಕಣ್ಣಂದಾಜು ನಡೆಯುವುದಿಲ್ಲ, ಎಲ್ಲಕ್ಕೂ ಅಳತೆಯೇ ಗತಿ. ಹುಗ್ಗಿಗೆ ಒಂದು ಪಾವು ಅಕ್ಕಿ, ಅರ್ಧ ಪಾವು ಹೆಸರುಬೇಳೆ, ಆರು ಪಾವು ನೀರು, ತಲೆ ಹೊಡೆದ ಎರಡು ಟೀ ಚಮಚ ಪುಡಿ ಉಪ್ಪು. ಉಪ್ಪಿನ ಡಬ್ಬಿಯಲ್ಲಿ ಚಮಚ ಬದಲಾಯಿತೋ, ಆ ದಿನ ಪ್ರಸಾದ ತೆಗೆದುಕೊಂಡವರೆಲ್ಲ ಹೇಳಿಯೇ ಹೋಗುತ್ತಾರೆ. ಕಲ್ಲುಪ್ಪಿಗೆ ಈ ಲೆಕ್ಕ ಹೊಂದುವುದಿಲ್ಲ, ಹರಳು ದಪ್ಪವಿದ್ದಷ್ಟೂ ಚಮಚದಲ್ಲಿ ತೂಕ ಕಡಿಮೆ. ನಿಮ್ಮ ಮಗಳಿಗೆ ಅಡುಗೆಯಲ್ಲಿ ಆಸಕ್ತಿ ಇದ್ದರೆ ಈ ಅಳತೆಯ ಅಡುಗೆ ಕಲಿಯಲಿ, ಚೆನ್ನಾಗಿರುತ್ತದೆ. ಆಸಕ್ತಿ ಇಲ್ಲದಿದ್ದರೆ ಹಚ್ಚಬೇಡಿ.

ಮಕ್ಕಳಿಗೆ ಯಾವ ಕೆಲಸ ಕೊಡಬಹುದು, ಯಾವುದು ಬೇಡ ಅನ್ನುವುದನ್ನು ಮೊದಲ ವಾರವೇ ಗಂಡಹೆಂಡತಿ ಕೂತು ತೀರ್ಮಾನಿಸಿ. ಬತ್ತಿ ಹೊಸೆಯುವುದು, ತುಳಸಿ ಕೊಯ್ಯುವುದು, ಶನಿವಾರ ಪ್ರಸಾದ ಹಂಚುವುದು, ರಜೆಯಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುವುದು, ಇವೆಲ್ಲ ಆಗಬಹುದು. ದೇವಸ್ಥಾನದ ಬೀಗದ ಕೈ ಮಾತ್ರ ಯಾವತ್ತೂ ಮಕ್ಕಳ ಕೈಗೆ ಬೇಡ. ‘ಅಪ್ಪ ಸ್ನಾನಕ್ಕೆ ಹೋಗಿದ್ದಾರೆ, ನೀನೇ ಬಾಗಿಲು ತೆಗೆದು ತೀರ್ಥ ಕೊಡಪ್ಪ’ ಅಂತ ಯಾರೋ ದೂರದಿಂದ ಬಂದವರು ಕೇಳುತ್ತಾರೆ, ಹುಡುಗ ಹೋಗುತ್ತಾನೆ. ನಾಳೆ ಒಂದು ಬೆಳ್ಳಿ ಬಟ್ಟಲು ಕಾಣದಿದ್ದರೆ ಆ ಹುಡುಗನ ಹೆಸರೇ ಮೊದಲು ಬರುತ್ತದೆ. ಮೇಲುಕೋಟೆಯ ದೇವರ ವಜ್ರದ ಕಿರೀಟ ವೈರಮುಡಿಯನ್ನು ಮಂಡ್ಯದ ಖಜಾನೆಯಲ್ಲಿಟ್ಟು ಪೊಲೀಸ್ ಕಾವಲಿನಲ್ಲಿ ತರುವುದು ಸುಮ್ಮನೆ ಅಲ್ಲ. ನಿಮ್ಮ ಗುಡಿಯಲ್ಲಿ ಎರಡೇ ಬೆಳ್ಳಿ ಸಾಮಾನಿದ್ದರೂ, ಮಾವನವರಿಂದ ವಹಿಸಿಕೊಳ್ಳುವಾಗ ಆಭರಣ ಮತ್ತು ಪಾತ್ರೆಗಳ ಪಟ್ಟಿ ಮಾಡಿ, ತೂಕ ಬರೆದು, ರೆವಿನ್ಯೂ ಇನ್‌ಸ್ಪೆಕ್ಟರ್ ಎದುರಿಗೆ ಸಹಿ ಮಾಡಿಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಆಗುವ ಮನಸ್ತಾಪಕ್ಕೆ ಲೆಕ್ಕವಿಲ್ಲ. ದಾರಿಯಲ್ಲಿ ಸಿಕ್ಕ ಮಕ್ಕಳ ಹತ್ತಿರ ಊರವರು ‘ನಾಳೆ ನಮ್ಮ ಮೊಮ್ಮಗನ ಹೆಸರಲ್ಲಿ ಅರ್ಚನೆ ಮಾಡಿಸಬೇಕು ಅಂತ ಅಪ್ಪನಿಗೆ ಹೇಳು ಮರಿ’ ಅಂತ ಗೋತ್ರ, ನಕ್ಷತ್ರ ಹೇಳಿ ಕಳಿಸುತ್ತಾರೆ. ಮಗು ಆಡುತ್ತಾ ಮರೆಯುತ್ತದೆ. ಮರುದಿನ ಅವರು ಹಣ್ಣುಕಾಯಿ ಹಿಡಿದು ಬಂದಾಗ ಅರ್ಚಕರಿಗೆ ವಿಷಯವೇ ಗೊತ್ತಿರುವುದಿಲ್ಲ. ಮುಖಮಂಟಪದಲ್ಲಿ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು, ಗೋಡೆಯ ಮೇಲೆ ಫೋನ್ ನಂಬರು. ‘ಪುಸ್ತಕದಲ್ಲಿ ಬರೆದುಬಿಡಿ ಅಜ್ಜಿ’ ಅನ್ನುವುದನ್ನು ಮಕ್ಕಳಿಗೆ ಹೇಳಿಕೊಡಿ. ಅಜ್ಜಿಗೆ ಬರೆಯಲು ಬಾರದಿದ್ದರೆ ಮಗುವೇ ಅಲ್ಲಿ ಹೋಗಿ ಬರೆದುಕೊಡಲಿ.

ಹಬ್ಬ ಮತ್ತು ಪರೀಕ್ಷೆ. ದಸರಾ ರಜೆ ಊರಿಗೆಲ್ಲ ರಜೆ, ಅರ್ಚಕರ ಮನೆಗೆ ನವರಾತ್ರಿ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ, ಸೂರ್ಯ ಹುಟ್ಟುವ ಮುಂಚೆ ಪೂಜೆ ಮುಗಿಯಬೇಕು. ಮನೆಯಲ್ಲಿ ಮೂರೂವರೆಗೇ ದೀಪ ಹತ್ತುತ್ತದೆ, ಬಿಂದಿಗೆ ಸದ್ದು ಶುರುವಾಗುತ್ತದೆ. ಒಂದು ತಿಂಗಳು ಮಕ್ಕಳ ನಿದ್ದೆ ಕೆಡುತ್ತದೆ. ಕ್ಲಾಸಿನಲ್ಲಿ ತೂಕಡಿಸುತ್ತಾರೆ ಅಂತ ಮೇಷ್ಟ್ರು ಹೇಳಿ ಕಳಿಸುತ್ತಾರೆ. ಮಕ್ಕಳ ಮಲಗುವ ಕೋಣೆ ಅಡುಗೆಮನೆಗೂ ಹಿತ್ತಲಿಗೂ ದೂರವಿರಲಿ, ಆ ತಿಂಗಳು ರಾತ್ರಿ ಊಟ ಏಳಕ್ಕೇ ಮುಗಿಯಲಿ. ಅದರ ನಡುವೆಯೇ ಸಾಮಾನ್ಯವಾಗಿ ವೈಕುಂಠ ಏಕಾದಶಿ, ಅಂದು ಬೆಳಗಿನ ಜಾವದಿಂದ ರಾತ್ರಿವರೆಗೂ ಜನ.

ನಿಜವಾದ ಇಕ್ಕಟ್ಟು ತೇರಿನದು. ನಮ್ಮ ಕಡೆಯ ಹಳ್ಳಿ ತೇರುಗಳು ಬಹಳಷ್ಟು ಮಾಘದಿಂದ ಚೈತ್ರದೊಳಗೆ ಬರುತ್ತವೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ ಆಸುಪಾಸು. ಮಗಳು ಈಗ ಎಂಟನೇ ಕ್ಲಾಸು ಅಂದರೆ ಇನ್ನೆರಡು ವರ್ಷ. ತೇರಿನ ವಾರ ಅರ್ಚಕರ ಮನೆ ಛತ್ರವಾಗಿರುತ್ತದೆ: ಬಂದ ಋತ್ವಿಕರು, ನೆಂಟರು, ಮೈಕ್ ಸೆಟ್ಟು, ಹಜಾರದ ತುಂಬ ಚಾಪೆ. ಆ ವರ್ಷದ ಪಂಚಾಂಗ ಕೈಗೆ ಬಂದ ಕೂಡಲೇ ತೇರಿನ ದಿನವನ್ನೂ ಪರೀಕ್ಷೆಯ ವೇಳಾಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೂಡಿಬಂದರೆ ಮಗಳನ್ನು ಅಂಕುರಾರ್ಪಣೆಯ, ಅಂದರೆ ಉತ್ಸವ ಶುರುವಾಗುವ ಶಾಸ್ತ್ರದ, ಹಿಂದಿನ ದಿನವೇ ಹತ್ತಿರದ ನೆಂಟರ ಮನೆಗೆ ಕಳಿಸಿ, ಅಲ್ಲಿಂದಲೇ ಪರೀಕ್ಷಾ ಕೇಂದ್ರಕ್ಕೆ ಹೋಗಲಿ. ‘ತೇರಿಗೆ ಮನೆಮಗಳೇ ಇಲ್ಲವಾ’ ಅನ್ನುವವರು ಇರುತ್ತಾರೆ. ಅವರ ಮನೆ ಮಕ್ಕಳ ಮಾರ್ಕ್ಸ್ ಕಾರ್ಡ್ ನೀವೇನೂ ಕೇಳುತ್ತಿಲ್ಲವಲ್ಲ.

ಮಗಳ ಬಗ್ಗೆ ಇನ್ನೊಂದು ಮಾತು. ಪತ್ರಿಕೆಯವರು, ಸ್ವಾಮಿಗಳು ಯಾರೂ ಇದನ್ನು ಬರೆಯುವುದಿಲ್ಲ, ಆದರೆ ಅರ್ಚಕರ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ದೇವಸ್ಥಾನದ ದಿನನಿತ್ಯದ ಕೆಲಸವೊಂದನ್ನು, ಹೂ ಕಟ್ಟಿ ತಂದುಕೊಡುವುದೋ ರಂಗೋಲಿ ಹಾಕುವುದೋ, ಹುಡುಗಿಗೆ ವಹಿಸಿದರೆ ತಿಂಗಳಲ್ಲಿ ಮೂರು ದಿನ ಅವಳು ಬರದಿರುವುದನ್ನು ಇಡೀ ಬೀದಿ ಲೆಕ್ಕ ಹಾಕುತ್ತದೆ. ಬಂದ ಹೆಂಗಸರು ‘ಮಗಳೆಲ್ಲಿ?’ ಅಂತ ಗರುಡಗಂಬದ ಹತ್ತಿರವೇ ಜೋರಾಗಿ ಕೇಳುತ್ತಾರೆ. ಆದ್ದರಿಂದ ದಿನನಿತ್ಯದ ಯಾವ ಕೆಲಸವೂ ಅವಳ ಹೆಸರಿನಲ್ಲಿರುವುದು ಬೇಡ. ಬಂದಾಗ ಮಾಡಲಿ, ಬರದಿದ್ದಾಗ ಯಾಕೆ ಅನ್ನುವ ಪ್ರಶ್ನೆಯೇ ಹುಟ್ಟದ ಹಾಗೆ ಮೊದಲಿಂದಲೂ ಹೆಚ್ಚುಕಡಿಮೆ ಇರಲಿ. ಮನೆಯೊಳಗೆ ಎಷ್ಟು ಆಚರಣೆ ಇಟ್ಟುಕೊಳ್ಳುತ್ತೀರಿ ಅನ್ನುವುದು ನಿಮ್ಮ ನಿಮ್ಮಲ್ಲಿ ಬಿಟ್ಟದ್ದು. ನನ್ನನ್ನು ಕೇಳಿದರೆ, ಗರ್ಭಗುಡಿಯ ನೇಮವನ್ನು ಹುಡುಗಿಯ ಓದುವ ಟೇಬಲ್ಲಿನವರೆಗೆ ತರಬೇಕಾಗಿಲ್ಲ. ಅರ್ಚಕ ಮನೆತನದ ಹೆಣ್ಣುಮಕ್ಕಳಿಗೆ ಎಲ್ಲ ಕಡೆಯೂ ಬರೀ ನಿಷೇಧವೇ ಇದೆ ಅಂತಲೂ ಅಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಪೂಜೆ ಬೇಡಗಂಪಣ ಸಮುದಾಯದವರದು. ಅಲ್ಲಿ ದೀಪಾವಳಿಗೆ ಹಾಲರವಿ ಕಳಸ ಹೊತ್ತು ಬರುವವರು ಆ ಸಮುದಾಯದ 101 ಪುಟ್ಟ ಹೆಣ್ಣುಮಕ್ಕಳೇ.

ಮಗನ ವಿಷಯಕ್ಕೆ ಬಂದರೆ, ಒಂಬತ್ತು ಹತ್ತು ವರ್ಷ ಅಂದರೆ ಉಪನಯನದ ವಯಸ್ಸು ಬಂದಿದೆ. ಉಪನಯನವಾದ ತಕ್ಷಣ ಗರ್ಭಗುಡಿಗೆ ಹೋಗಿ ಪೂಜೆ ಮಾಡಬಹುದು ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಿಲ್ಲ. ಪಾಂಚರಾತ್ರದಲ್ಲಿ ದೀಕ್ಷೆ ಬೇರೆ ಆಗಬೇಕು. ವೈಖಾನಸರು ತಾವು ಗರ್ಭವೈಷ್ಣವರು, ಅಂದರೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ವೈಷ್ಣವರಾದವರು, ಬೇರೆ ದೀಕ್ಷೆ ಬೇಡ ಅನ್ನುತ್ತಾರೆ, ಆದರೆ ಅವರಲ್ಲೂ ಮಂತ್ರ ಮತ್ತು ಪ್ರಯೋಗ ಕಲಿಯದೆ ಕೈಯಿಟ್ಟರೆ ಒಪ್ಪುವುದಿಲ್ಲ. ಹುಡುಗ ಚೂಟಿಯಿದ್ದಾನೆ ಅಂತ ಹನ್ನೊಂದನೇ ವಯಸ್ಸಿಗೇ ಮಂಗಳಾರತಿ ತಟ್ಟೆ ಕೊಟ್ಟು ಕಳಿಸಿದರೆ ಎರಡು ನಷ್ಟ. ಮಂತ್ರ ಅರೆಬರೆಯಾಗಿ ಬಾಯಿಗೆ ಕೂರುತ್ತದೆ, ತಪ್ಪು ಸ್ವರ ಒಮ್ಮೆ ಕೂತರೆ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಎರಡನೆಯದು ದುಡ್ಡು. ತಟ್ಟೆಗೆ ಬಿದ್ದ ಹತ್ತು ರೂಪಾಯಿಯನ್ನು ‘ನೀನೇ ಇಟ್ಟುಕೋ ಮರಿ’ ಅನ್ನುವ ಭಕ್ತರು ಇರುತ್ತಾರೆ. ದಿನಾ ಸಂಜೆ ಕೈಗೆ ಚಿಲ್ಲರೆ ಬಂದರೆ ನಾಲ್ಕನೇ ಕ್ಲಾಸಿನವನಿಗೆ ಓದಿಗಿಂತ ಗುಡಿಯೇ ಹಿತವಾಗುತ್ತದೆ, ಅದನ್ನು ಭಕ್ತಿ ಅಂತ ಹಿರಿಯರು ಹೊಗಳುತ್ತಾರೆ. ತಟ್ಟೆ ಕಾಸನ್ನು ರಾತ್ರಿ ಅಪ್ಪನೇ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಹುಂಡಿ ದೇವಸ್ಥಾನದ್ದು, ಅದರ ಹತ್ತಿರ ಮಕ್ಕಳು ಸುಳಿಯುವುದೂ ಬೇಡ.

ಚಿಲ್ಲರೆಯ ಮಾತು ಬಂತಲ್ಲ. ಸ್ಕೂಲ್ ಫೀಸನ್ನು ನಾಣ್ಯದಲ್ಲಿ, ಕುಂಕುಮ ಹತ್ತಿದ ಹತ್ತರ ನೋಟಿನಲ್ಲಿ ಕಟ್ಟಿ ಕಳಿಸಬೇಡಿ. ‘ತಟ್ಟೆಕಾಸು’ ಅನ್ನುವ ಅಡ್ಡಹೆಸರು ಪಿಯುಸಿವರೆಗೂ ಹಿಂದೆ ಬರುತ್ತದೆ. ಊರಿನ ದಿನಸಿ ಅಂಗಡಿಯವರಿಗೆ ಚಿಲ್ಲರೆ ಯಾವಾಗಲೂ ಬೇಕು, ವಾರಕ್ಕೊಮ್ಮೆ ಅಲ್ಲಿ ಬದಲಾಯಿಸಿ. ಈಗ ಎಷ್ಟೋ ಗುಡಿಗಳಲ್ಲಿ ಕ್ಯೂಆರ್ ಕೋಡ್ ಇದೆ. ಅದು ಅರ್ಚಕರ ಖಾತೆಯದೋ ದೇವಸ್ಥಾನದ ಖಾತೆಯದೋ ಅನ್ನುವುದು ಬೋರ್ಡಿನ ಮೇಲೆ ಸ್ಪಷ್ಟವಾಗಿ ಬರೆದಿರಲಿ. ಇಲ್ಲದಿದ್ದರೆ ಆ ಮಾತು ಮಕ್ಕಳ ಕಿವಿಗೇ ಮೊದಲು ಬೀಳುತ್ತದೆ.

ಸಂಸಾರದ ಲೆಕ್ಕ ಹೀಗಿದೆ. ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯದ ದೇವಸ್ಥಾನ ಸಿ ವರ್ಗ, 5ರಿಂದ 25 ಲಕ್ಷ ಬಿ, ಅದಕ್ಕೆ ಮೇಲ್ಪಟ್ಟದ್ದು ಎ. ಸಿ ವರ್ಗಕ್ಕೆ ಸರ್ಕಾರ ಕೊಡುವುದು ತಸ್ತೀಕು, ಅಂದರೆ ಪೂಜೆ ನಡೆಸಲು ವರ್ಷಕ್ಕಿಷ್ಟು ಅಂತ ಕೊಡುವ ಹಣ. ಅದು ವರ್ಷಕ್ಕೆ 60,000 ಇತ್ತು, 2025-26ರ ಬಜೆಟ್‌ನಲ್ಲಿ 72,000ಕ್ಕೆ ಏರಿಸಿದರು. ತಿಂಗಳಿಗೆ 6,000 ಆಯಿತು. ಅದರಲ್ಲಿ ನಂದಾದೀಪಕ್ಕೆ ಮೂರು ಲೀಟರ್ ಎಣ್ಣೆ, ನೈವೇದ್ಯಕ್ಕೆ ಏಳೆಂಟು ಕೆಜಿ ಅಕ್ಕಿ, ಕರ್ಪೂರ, ಊದುಬತ್ತಿ, ಎಲ್ಲಕ್ಕಿಂತ ಹೆಚ್ಚಾಗಿ ಹೂವು ತೆಗೆದರೆ ಮನೆಗೆ ಉಳಿಯುವುದು ಎಷ್ಟು ಅಂತ ನೀವೇ ಹಾಕಿ ನೋಡಿ. ಶ್ರಾವಣ, ಧನುರ್ಮಾಸದಲ್ಲಿ ತಟ್ಟೆ ತುಂಬುತ್ತದೆ, ಆಷಾಢದಲ್ಲಿ ಖಾಲಿ. ಸ್ಕೂಲ್ ಫೀಸು ಬರುವುದು ಜೂನ್‌ನಲ್ಲಿ, ಕೈ ಬರಿದಾಗಿರುವ ಹೊತ್ತಿನಲ್ಲೇ. ಸಂಕ್ರಾಂತಿ ಮುಗಿದ ಮೇಲೆ ಬಂದದ್ದರಲ್ಲಿ ಒಂದು ಭಾಗವನ್ನು ಅಂಚೆ ಕಚೇರಿಯಲ್ಲಿ ಫೀಸಿಗೆ ಅಂತಲೇ ಎತ್ತಿಡಿ, ತಸ್ತೀಕಿನ ದಿನಾಂಕ ನಂಬಿಕೊಂಡು ಯಾರಿಗೂ ಮಾತು ಕೊಡಬೇಡಿ. ಯಜಮಾನರಿಗೆ ಮನೆಯಿಂದಲೇ ಮಾಡುವ ಕೆಲಸವೋ ಪೌರೋಹಿತ್ಯವೋ ಇದ್ದರೆ ಸಂಸಾರ ನಡೆಯುತ್ತದೆ. ತಸ್ತೀಕು, ತಟ್ಟೆ ಎರಡನ್ನೇ ನೆಚ್ಚಿಕೊಂಡು ಇಬ್ಬರು ಮಕ್ಕಳನ್ನು ಓದಿಸುವುದು ಆಗದ ಮಾತು, ನೇರವಾಗಿ ಹೇಳುತ್ತಿದ್ದೇನೆ.

ತಸ್ತೀಕಿನ ಆದೇಶದ ಪ್ರತಿ, ಪ್ರತಿ ವರ್ಷದ ಆದಾಯದ ಲೆಕ್ಕ, ಬ್ಯಾಂಕ್ ಪಾಸ್‌ಬುಕ್ಕು ಒಂದು ಫೈಲಿನಲ್ಲಿರಲಿ. ಕನ್ನಡದಲ್ಲಿ ಪೂಜೆ ಮಾಡುವುದಕ್ಕೆ ನಾಡಿಗೆಲ್ಲ ಹೆಸರಾದ ಹಿರೇಮಗಳೂರು ಕಣ್ಣನ್ ಅವರಿಗೇ 2024ರ ಜನವರಿಯಲ್ಲಿ, ಹತ್ತು ವರ್ಷ ವೇತನ ಹೆಚ್ಚಿಗೆ ಸಂದಾಯವಾಗಿದೆ, 4.74 ಲಕ್ಷ ವಾಪಸು ಕಟ್ಟಿ ಅಂತ ನೋಟಿಸ್ ಬಂದಿತ್ತು. ಗದ್ದಲವಾದ ಮೇಲೆ ಸರ್ಕಾರ ಹಿಂತೆಗೆದುಕೊಂಡಿತು. ಹೆಸರಿಲ್ಲದ ಅರ್ಚಕರ ಪರವಾಗಿ ಗದ್ದಲ ಮಾಡುವವರು ಯಾರೂ ಇರುವುದಿಲ್ಲ.

ಊರ ಕಣ್ಣು ಹೇಗೂ ಇದ್ದದ್ದೇ. ಬೇಕರಿಯಲ್ಲಿ ಎಗ್ ಪಫ್ ಹಿಡಿದು ನಿಂತರೆ ಸಂಜೆಯೊಳಗೆ ಮನೆಗೆ ಸುದ್ದಿ. ಶಾಲೆಯ ಪ್ರತಿ ಸಮಾರಂಭಕ್ಕೂ ಪ್ರಾರ್ಥನೆ ಹೇಳಲು ಇವರನ್ನೇ ನಿಲ್ಲಿಸುತ್ತಾರೆ. ಇಷ್ಟವಿದ್ದರೆ ಹೇಳಲಿ, ಇಲ್ಲದಿದ್ದರೆ ನೀವೇ ಹೋಗಿ ಮೇಷ್ಟ್ರಿಗೆ ಒಂದು ಮಾತು ಹೇಳಿ ಬನ್ನಿ. ಹುಡುಗನ ಜುಟ್ಟಿನ ವಿಷಯದಲ್ಲಿ ಅವನನ್ನೇ ಕೇಳಿ. ಸ್ನೇಹಿತರು ಮನೆಗೆ ಬರುವ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ: ಯಾವ ಜಾತಿಯ ಹುಡುಗ ಬಂದರೂ ಹಜಾರದಲ್ಲಿ ಕೂತು, ಒಂದೇ ಥರದ ಲೋಟದಲ್ಲಿ ನೀರು ಕುಡಿದು ಹೋಗುವ ಹಾಗಿರಬೇಕು. ಮಡಿಯ ಅಡುಗೆಮನೆಗೆ ಬಾಗಿಲಿದೆ, ಅದನ್ನು ಮುಚ್ಚಿಕೊಂಡರೆ ಸಾಕು. ಕೂರಿಸುವುದರಲ್ಲಿ ಭೇದ ಮಾಡಿದರೆ ನಿಮ್ಮ ಮಗನಿಗೆ ಆ ಊರಿನಲ್ಲಿ ಆಡಲು ಯಾರೂ ಸಿಗುವುದಿಲ್ಲ, ಸಿಗಬಾರದು ಕೂಡ.

ತಿನ್ನುವುದು ಹೆಚ್ಚಾಗುತ್ತದೆ, ಇದನ್ನು ಯಾರೂ ಮುಂಚೆ ಯೋಚಿಸುವುದಿಲ್ಲ. ಕಲ್ಲುಸಕ್ಕರೆ, ಬಾಳೆಹಣ್ಣು, ರಸಾಯನ, ಸಿಹಿ ಪೊಂಗಲ್ ಕೈಗೆಟುಕುವಂತೆ ದಿನವಿಡೀ ಇರುತ್ತದೆ. ಹಲ್ಲು ಹುಳುಕಾಗುವುದು ಅಲ್ಲಿಂದ. ಪ್ರಸಾದವನ್ನು ಊಟದ ಜೊತೆಗೇ ಬಡಿಸಿ, ನಡುನಡುವೆ ಕೊಡಬೇಡಿ. ಶನಿವಾರ ರಾಶಿ ಬೀಳುವ ತೆಂಗಿನ ಹೋಳನ್ನು ಅವತ್ತೇ ಬಿಸಿಲಿಗೆ ಹಾಕಿಸಿ. ಒಂದು ದಿನ ಚೀಲದಲ್ಲಿ ಬಿಟ್ಟರೂ ಲೋಳೆಯಾಗುತ್ತದೆ, ಆಮೇಲೆ ಗಾಣಕ್ಕೆ ಕೊಟ್ಟರೆ ಎಣ್ಣೆ ಕಮಟು.

ಮುಂದೆ ಮಗ ಅರ್ಚಕನೇ ಆಗಬೇಕೇ? ಅವನನ್ನು ಏಳನೇ ಕ್ಲಾಸಿಗೆ ಬಿಡಿಸಿ ಪಾಠಶಾಲೆಗೆ ಹಾಕಿ ಅಂತ ಸಲಹೆ ಕೊಡುವವರು ಬರುತ್ತಾರೆ. ಬೇಡ, ಎಸ್ಸೆಸ್ಸೆಲ್ಸಿ ಮುಗಿಯಲಿ. ಆಮೇಲೂ ದಾರಿ ತೆರೆದೇ ಇರುತ್ತದೆ: 1876ರಲ್ಲಿ ಶುರುವಾದ ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜು ಇದೆ, ಮುಜರಾಯಿ ಇಲಾಖೆಯ ಆಗಮ ಪರೀಕ್ಷೆಗಳಿವೆ, ಪ್ರವರ, ಪ್ರವೀಣ ಅಂತ. ಅರ್ಚಕ ವೃತ್ತಿಯ ಹುಡುಗರಿಗೆ ಹೆಣ್ಣು ಸಿಗದ ಸ್ಥಿತಿ ಎಷ್ಟಿದೆ ಅಂದರೆ, ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿ 2021ರಲ್ಲಿ ಅರ್ಚಕ, ಪುರೋಹಿತರನ್ನು ಮದುವೆಯಾಗುವ ಹುಡುಗಿಗೆ 3 ಲಕ್ಷದ ಬಾಂಡ್ ಕೊಡುವ ‘ಮೈತ್ರೇಯಿ’ ಯೋಜನೆಯನ್ನೇ ತಂದಿತು. ಇದನ್ನು ತಿಳಿದುಕೊಂಡೇ ಅವನು ಆರಿಸಿಕೊಳ್ಳಲಿ, ಅದೂ ಹದಿನೆಂಟಾದ ಮೇಲೆ.

ಹೊರಡುವ ಮುಂಚೆ ಇನ್ನೆರಡು ಕಾಗದ. ಅರ್ಚಕರ ಮನೆಯ ಖಾತೆ ಯಾರ ಹೆಸರಿನಲ್ಲಿದೆ ಅಂತ ಗ್ರಾಮ ಪಂಚಾಯಿತಿಯಲ್ಲಿ ನೋಡಿ. ದೇವಸ್ಥಾನದ ಹೆಸರಿನಲ್ಲಿದ್ದರೆ ಅರ್ಚಕತನ ಹೋದ ದಿನ ಮನೆಯೂ ಹೋಗುತ್ತದೆ, ಅಲ್ಲಿ ಸಾಲ ಮಾಡಿ ಕೋಣೆ ಕಟ್ಟಿಸಬೇಡಿ. ಮಗಳ ಟಿಸಿ ತೆಗೆಯುವ ಮುಂಚೆ ಆ ಊರಿನ ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದಿದೆ ವಿಚಾರಿಸಿ. ಬೆಂಗಳೂರಿನಲ್ಲಿ ಸಂಸ್ಕೃತ ತೆಗೆದುಕೊಂಡಿದ್ದು ಹಳ್ಳಿ ಶಾಲೆಯಲ್ಲಿ ಕನ್ನಡ ಮಾತ್ರ ಇದ್ದರೆ, ಒಂಬತ್ತರಲ್ಲಿ ಬದಲಾಯಿಸುವುದಕ್ಕಿಂತ ಎಂಟರಲ್ಲೇ ಬದಲಾಯಿಸುವುದು ಮೇಲು.